ಡಬ್ಬಿ ಉಳೀತು, ಮಾತು ಹೋಯ್ತು

ಡೆನಿ ವಿಲ್ನೆವ್ ನಿರ್ದೇಶನದ 'ಡ್ಯೂನ್' (2021) ನೋಡಿ ಬಂದು "ಏನ್ ವಿಷುಅಲ್ಸ್ ಗುರೂ" ಅಂದವರಲ್ಲಿ ನಾನೂ ಒಬ್ಬ. ಮರಳು, ಹುಳ, ಹ್ಯಾನ್ಸ್ ಝಿಮ್ಮರ್ ಸಂಗೀತ ಎಲ್ಲಾ ಸರಿ. ನನ್ನ ತಕರಾರು ಇರೋದು ಫ್ರಾಂಕ್ ಹರ್ಬರ್ಟ್ 1965ರ ಕಾದಂಬರಿಯಲ್ಲಿದ್ದು, ಸಿನಿಮಾದಲ್ಲಿ ಇಲ್ಲದ ಒಂದು ಮಾತಿನ ಬಗ್ಗೆ. ಐಟಿಯಲ್ಲಿರೋ ನಮಗೆ ಈಗ ಬೇಕಾಗಿರೋದು ಅದೇ.

ಪಾಲ್ ಡಬ್ಬಿಯೊಳಗೆ ಕೈ ಇಡ್ತಾನಲ್ಲ, ಕುತ್ತಿಗೆಗೆ ವಿಷದ ಸೂಜಿ ಹಿಡಿದ ಮುದುಕಿ ಎದುರಿಗೆ? ಸಿನಿಮಾದಲ್ಲಿ ಆ ದೃಶ್ಯ ಭರ್ಜರಿಯಾಗಿದೆ. ಪುಸ್ತಕದಲ್ಲಿ ಪರೀಕ್ಷೆ ಮುಗಿದ ಮೇಲೆ ಅದೇ ಮುದುಕಿ ಒಂದು ಹಳೇ ಸಂಗತಿ ಹೇಳ್ತಾಳೆ. ಹಿಂದೆ ಜನ ಯೋಚನೆ ಮಾಡೋದನ್ನ ಯಂತ್ರಕ್ಕೆ ಒಪ್ಪಿಸಿ ಆರಾಮಾಗಿರಬಹುದು ಅಂದುಕೊಂಡರು. ಕೊನೆಗೆ ಆ ಯಂತ್ರ ಇಟ್ಟುಕೊಂಡ ಬೇರೆ ಮನುಷ್ಯರ ಕೈಗೆ ಸಿಕ್ಕಿಬಿದ್ದರು. ಗಮನಿಸಿ, ಯಂತ್ರ ಎದ್ದು ಬಂದು ಹೊಡೀಲಿಲ್ಲ. ಟರ್ಮಿನೇಟರ್ ಕಥೆ ಅಲ್ಲ ಇದು. (ಮುಂದೆ ಹರ್ಬರ್ಟ್ ಮಗ ಬರೆದ ಪುಸ್ತಕಗಳಲ್ಲಿ ರೋಬಾಟ್ ಯುದ್ಧವೇ ಆಯ್ತು, ಅದು ಬೇರೆ ವಿಷಯ.) ಅದಕ್ಕೇ ಆ ಲೋಕದಲ್ಲಿ ಕಂಪ್ಯೂಟರ್ ನಿಷೇಧ, ಬದಲಿಗೆ ತರಬೇತಿ ಪಡೆದ ಮನುಷ್ಯರೇ ಲೆಕ್ಕ ಹಾಕ್ತಾರೆ. ಮೆಂಟಾಟ್ ಅಂತ ಹೆಸರು. ಊರಲ್ಲಿ ಮುಕ್ಕಾಲು ಮಗ್ಗಿ ಬಾಯಿಪಾಠ ಇದ್ದ ಹಿರೀಕರನ್ನ ನೆನಪಿಸಿಕೊಳ್ಳಿ. ಸಿನಿಮಾದಲ್ಲಿ ಥುಫಿರ್ ಹವಾತ್ ಕಣ್ಣು ಮೇಲೆ ಮಾಡಿ ಪ್ರಯಾಣದ ಖರ್ಚು ಹೇಳ್ತಾನೆ. ಮನುಷ್ಯ ಯಾಕೆ ಕಂಪ್ಯೂಟರ್ ಆಗಬೇಕಾಯ್ತು ಅನ್ನೋ ವಿವರಣೆಯೇ ಇಲ್ಲ. 2024ರ ಎರಡನೇ ಭಾಗದಲ್ಲಂತೂ ಅವನ ದೃಶ್ಯಗಳೇ ಎಡಿಟಿಂಗ್‌ನಲ್ಲಿ ಹಾರಿಹೋದವು.

ಎರಡೂವರೆ ಗಂಟೆಯಲ್ಲಿ ಎಲ್ಲಾ ಹಿಡಿಸೋಕಾಗಲ್ಲ, ಒಪ್ತೀನಿ. ಆದ್ರೆ ನಮ್ಮ ಆಫೀಸುಗಳಲ್ಲೂ ಇದೇ ಎಡಿಟಿಂಗ್ ನಡೀತಿದೆ, ಕತ್ತರಿ ಬೀಳ್ತಿರೋದು ಅರ್ಥ ಮಾಡಿಕೊಂಡು ಕೆಲಸ ಮಾಡೋರ ಮೇಲೆ.

ಕೆಲವು ತಿಂಗಳಿಂದ ನಾನೂ ಕೋಡಿಂಗ್ ಅಸಿಸ್ಟೆಂಟ್‌ಗಳನ್ನ ಪ್ರಯೋಗ ಮಾಡ್ತಿದೀನಿ. ಬೇಡ ಅನ್ನೋನಲ್ಲ. ಯಾರೋ ಬರೆದಿಟ್ಟ ಹಳೇ ಸ್ಕ್ರಿಪ್ಟ್ ಬಿಡಿಸಿ ಹೇಳೋದರಲ್ಲಿ ಅದು ಗಟ್ಟಿಗ. ಆದ್ರೆ ಒಂದು ಸಲ, ಫೇಲ್ ಆಗ್ತಿದ್ದ ಟೆಸ್ಟ್ ಸರಿ ಮಾಡು ಅಂದ್ರೆ, ಕೋಡ್ ಮುಟ್ಟದೆ ಟೆಸ್ಟನ್ನೇ ತಿದ್ದಿ ಹಸಿರು ಟಿಕ್ ತೋರಿಸ್ತು. ಜ್ವರ ಇಳಿಸಪ್ಪಾ ಅಂದ್ರೆ ಥರ್ಮಾಮೀಟರ್ ತಿದ್ದಿದ ಹಾಗೆ! ಡಿಫ್ ಓದಿದ್ದರಿಂದ ಗೊತ್ತಾಯ್ತು. ಓದೋಕೆ ಬರ್ತಿತ್ತು, ಯಾಕಂದ್ರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀನಿಯರ್ ಒಬ್ಬರು ಪಕ್ಕ ಕೂತು ಪ್ರತಿ ಸಾಲಿಗೂ "ಇದ್ಯಾಕೆ ಇಲ್ಲಿದೆ?" ಅಂತ ಕೇಳಿ ಜೀವ ತಿಂದಿದ್ರು. ಈಗಿನ ಫ್ರೆಶರ್‌ಗೆ ಆ ಸೀನಿಯರ್ ಎಲ್ಲಿ? ಡ್ಯಾಶ್‌ಬೋರ್ಡಲ್ಲಿ ಯಾರು ಎಷ್ಟು ಎಐ ಬಳಸಿದ್ರು ಅನ್ನೋ ಲೆಕ್ಕ ಇದೆ, ಯಾರಿಗೆ ಎಷ್ಟು ಅರ್ಥ ಆಯ್ತು ಅನ್ನೋ ಕಾಲಮ್ಮೇ ಇಲ್ಲ.

"ಸ್ಪೀಡ್ ಬರುತ್ತಲ್ಲ" ಅಂತೀರಿ. 2025ರಲ್ಲಿ ಮೀಟರ್ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳನ್ನ ಪರೀಕ್ಷೆಗೆ ಹಚ್ಚಿತು. ಎಐ ಬಳಸಿದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡೀತು. ಮುಗಿದ ಮೇಲೂ ಅವರು ಅಂದಾಜಿಸಿದ್ದು ಶೇ. 20ರಷ್ಟು ಉಳಿತಾಯ ಆಯ್ತು ಅಂತ! 16 ಜನ ಅಂದ್ರೆ ಸಣ್ಣ ಗುಂಪು, ಟೂಲ್‌ಗಳೂ ಆಮೇಲೆ ಸುಧಾರಿಸಿವೆ, ಸರಿ. ಆದ್ರೆ ಇಷ್ಟು ವರ್ಷದ ಅನುಭವ ಇದ್ದೋರಿಗೇ ತಮ್ಮ ವೇಗ ತಮಗೆ ಗೊತ್ತಾಗಲಿಲ್ಲ ಅಂದ್ರೆ, ನಿನ್ನೆ ಸೇರಿದವನ ಕಥೆ ಏನು?

ಇನ್ನು ಯಂತ್ರ ಇಟ್ಟುಕೊಂಡವರು. ನಾವೀಗ ತಿಂಗಳ ಬಾಡಿಗೆಗೆ ಬುದ್ಧಿ ತರ್ತಿದೀವಿ. ನಾಳೆ ಬಾಡಿಗೆ ಮೂರು ಪಟ್ಟು ಆದ್ರೆ ನಿಮ್ಮ ಟೀಮಲ್ಲಿ ಆ ಕೋಡ್ ಓದಬಲ್ಲವರು ಎಷ್ಟು ಜನ ಉಳಿದಿರ್ತಾರೆ? ಮುಂದಿನ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನಿಮ್ಮ ಎಐ ಬಳಕೆ ಎಷ್ಟು ಪರ್ಸೆಂಟ್ ಅಂತ ಕೇಳಿದ್ರೆ, ಈ ಪ್ರಶ್ನೆಯನ್ನ ಅವರಿಗೇ ತಿರುಗಿ ಹಾಕಿ.