ಕಾಲು ಕೊಟ್ಟರೆ ಸಾಲದು

ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಊರುಗೋಲು ಹಿಡಿದು ನಮ್ಮ ವಿಭಾಗಕ್ಕೆ ಬಂದರು. ಮಗನ ಕೈಯಲ್ಲಿದ್ದ ಗೋಣಿಚೀಲದೊಳಗೆ ಒಂದು ಕೃತಕ ಕಾಲಿತ್ತು. ಯಾವುದೋ ಉಚಿತ ಶಿಬಿರದಲ್ಲಿ ಸಿಕ್ಕಿದ್ದು. 'ಮೂರು ತಿಂಗಳು ಹಾಕ್ಕೊಂಡೆ ಸಾರ್, ಹುಣ್ಣಾಯ್ತು. ಅಟ್ಟಕ್ಕೆ ಎಸೆದುಬಿಟ್ಟೆ' ಎಂದರು.

ಕಾಲು ಕೆಟ್ಟಿರಲಿಲ್ಲ. ಅದರೊಳಗೆ ಕೂರಬೇಕಾದ ಮೊಂಡುಗಾಲು ಸಣ್ಣದಾಗಿತ್ತು. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಊತ ಇಳಿದು ಹೀಗಾಗುವುದು ಸಹಜ. ಮತ್ತೆ ಅಳತೆ ನೋಡಿ ಸರಿಪಡಿಸುವವರು ಅವರಿಗೆ ಸಿಕ್ಕಿರಲಿಲ್ಲ, ಅಷ್ಟೆ.

ಕೃತಕ ಅಂಗ ಜೋಡಿಸುವ ಕೆಲಸ ಮಾಡುತ್ತ, ಅದನ್ನೇ ಕಲಿಸುತ್ತ ಬಂದಿರುವ ನಾನು ಹೊಸ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಇದನ್ನೇ: ಇದು ಅಂಗಡಿಯಲ್ಲಿ ಅಳತೆ ನೋಡಿ ಕೊಳ್ಳುವ ಚಪ್ಪಲಿಯಲ್ಲ. ಮೊಂಡುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು. ಮಂಡಿಚಿಪ್ಪಿನ ಕೆಳಗಿನ ಭಾಗ ಭಾರ ತಡೆಯುತ್ತದೆ. ಕತ್ತರಿಸಿದ ಮೂಳೆಯ ತುದಿ ತಡೆಯದು. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದನ್ನು ಬೆರಳು ಕಲಿಯಲು ವರ್ಷಗಳೇ ಬೇಕು.

ಪ್ರಸಿದ್ಧ 'ಜೈಪುರ ಕಾಲು' ಹುಟ್ಟಿದ್ದೂ ಹೀಗೆಯೇ. 1960ರ ದಶಕದ ಕೊನೆಯಲ್ಲಿ ಮೂಳೆವೈದ್ಯ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಜೊತೆಗೂಡಿ ಅದನ್ನು ರೂಪಿಸಿದರು. ನೆಲದ ಮೇಲೆ ಚಕ್ಕಳಮಕ್ಕಳ ಕೂರಲು, ಬರಿಗಾಲಲ್ಲಿ ಗದ್ದೆಗಿಳಿಯಲು ನಮ್ಮ ಜನಕ್ಕೆ ಏನು ಬೇಕೆಂದು ಅವರು ಗಮನಿಸಿದ್ದರು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ವೈದ್ಯರಿಗೆ ಬಂತು. ಶರ್ಮರ ಹೆಸರು ಎಷ್ಟು ಜನರಿಗೆ ಗೊತ್ತು? ಈ ವೃತ್ತಿಯನ್ನು ಇಂದಿಗೂ 'ಮೆಕ್ಯಾನಿಕ್ ಕೆಲಸ' ಎನ್ನುವವರಿದ್ದಾರೆ. ಆದರೆ ಇದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಪದವಿ ಶಿಕ್ಷಣವಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ, ಕೈಕೆಲಸದಲ್ಲಿ ಆಸಕ್ತಿಯುಳ್ಳ ಮಕ್ಕಳನ್ನು ಪೋಷಕರು ಇತ್ತ ಕಳಿಸಲು ಹಿಂಜರಿಯಬಾರದು.

ಶಿಬಿರ ನಡೆಸುವ ದಾನಿಗಳಲ್ಲೂ ಒಂದು ಬಿನ್ನಹ. ನೂರು ಕಾಲು ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಐವತ್ತು ಹಂಚಿ, ಮೂರು ತಿಂಗಳಿಗೊಮ್ಮೆ ಮರಳಿ ಬಂದು ನೋಡುವುದು ಮೇಲು.

ಮನೆಯವರು ಗಮನಿಸಬೇಕಾದದ್ದು ಇಷ್ಟು. ಮೊಂಡುಗಾಲಿನ ಕೆಳಗೆ ದಿಂಬು ಇಡಬೇಡಿ, ಮಂಡಿ ಮಡಚಿಕೊಂಡೇ ಸೆಟೆದುಹೋಗುತ್ತದೆ. ಪ್ರತಿ ರಾತ್ರಿ ಚರ್ಮ ಪರೀಕ್ಷಿಸಿ. ಸಕ್ಕರೆ ಕಾಯಿಲೆಯವರಿಗೆ ಹುಣ್ಣಾದರೂ ನೋವು ತಿಳಿಯದಿರಬಹುದು. ಚರ್ಮ ಕೆಂಪಾಗಿ, ಆ ಬಣ್ಣ ಬೇಗ ಮಾಯವಾಗದಿದ್ದರೆ ಕಾಲು ಬಿಚ್ಚಿಟ್ಟು ತಜ್ಞರಿಗೆ ತೋರಿಸಿ. ಬೆಳೆಯುವ ಮಕ್ಕಳ ಕೃತಕ ಕಾಲನ್ನು ಆಗಾಗ ಬದಲಿಸಲೇಬೇಕು.

ಆ ರೈತರಿಗೆ ಹೊಸ ಸಾಕೆಟ್ ಮಾಡಿಕೊಟ್ಟೆವು. ಎರಡು ಸಲ ಬಂದು ತಿದ್ದಿಸಿಕೊಂಡು ಹೋದರು. ಮೂರನೆಯ ಸಲ ಬಂದಾಗ ಊರುಗೋಲು ತಂದಿರಲಿಲ್ಲ.