ವೃದ್ಧರಿಗೆ ‘ಬೇಡ’ಗಳ ಪಟ್ಟಿ ಸಾಕು

ಅರವತ್ತು ದಾಟಿದವರಿಗೆ ಊಟದ ಬಗ್ಗೆ ಸಿಗುವ ಸಲಹೆ ಬಹುತೇಕ ‘ಬೇಡ’ದಲ್ಲೇ ಮುಗಿಯುತ್ತದೆ. ಸಕ್ಕರೆ ಬೇಡ, ಉಪ್ಪಿನಕಾಯಿ ಬೇಡ, ಎಣ್ಣೆ ಬೇಡ, ರಾತ್ರಿ ಹೊಟ್ಟೆ ತುಂಬ ಉಣ್ಣುವುದಂತೂ ಬೇಡವೇ ಬೇಡ. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನವು ಸರಿಯೇ. ಆದರೆ ಎಲ್ಲವನ್ನೂ ಪಾಲಿಸಿದ ಮೇಲೆ ತಟ್ಟೆಯಲ್ಲಿ ಉಳಿಯುವುದೇನು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. 2017-18ರ ‘ಲಾಸಿ’ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಹಿರಿಯರಲ್ಲಿ ಸುಮಾರು ಶೇ 27ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಅತಿತೂಕ ಇಲ್ಲವೇ ಬೊಜ್ಜು ಇರುವವರು ಸುಮಾರು ಶೇ 22. ನಮ್ಮ ಸಲಹೆಗಳೆಲ್ಲ ಎರಡನೆಯ ಗುಂಪನ್ನಷ್ಟೇ ಕಣ್ಣಮುಂದಿಟ್ಟುಕೊಂಡು ಬರೆದಂತಿವೆ.

ವಯಸ್ಸಾದಂತೆ ಹಸಿವು ಇಳಿಯುತ್ತದೆ, ಸ್ನಾಯು ಕರಗುತ್ತದೆ. ಹಾಗಾಗಿ ಊಟದ ಪ್ರಮಾಣ ತಗ್ಗಿದರೂ ಪ್ರೋಟೀನ್ ತಗ್ಗಬಾರದು. 65 ದಾಟಿದವರಿಗೆ ದೇಹದ ಪ್ರತಿ ಕಿಲೊ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2013ರಲ್ಲೇ ಹೇಳಿತ್ತು. ಅಂದರೆ 50 ಕಿಲೊ ತೂಗುವ ಅಜ್ಜಿಗೆ ಕನಿಷ್ಠ 50 ಗ್ರಾಂ. ಒಂದು ಬಟ್ಟಲು ಅನ್ನದಲ್ಲಿ ಸಿಗುವುದು ನಾಲ್ಕು ಗ್ರಾಂ ಆಸುಪಾಸು. ಉಳಿದದ್ದು ಕಾಳಿನಂಥವುಗಳಿಂದ ಬರಬೇಕು. ಆದರೆ ಹಳೇ ಮೈಸೂರು ಕಡೆಯ ಬಸ್ಸಾರನ್ನೇ ನೋಡಿ: ಕಾಳು-ಸೊಪ್ಪು ಪಲ್ಯಕ್ಕೆ ಹೋಗುತ್ತದೆ, ಬಸಿದ ಕಟ್ಟು ಸಾರಾಗುತ್ತದೆ. ಹಲ್ಲಿಲ್ಲದವರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ಪಕ್ಕಕ್ಕೆ ಸರಿಸುತ್ತಾರೆ. ರಾಗಿಯ ಕ್ಯಾಲ್ಸಿಯಂ ಸಿಕ್ಕಿತು, ಕಾಳಿನ ಸತ್ವ ಮಾತ್ರ ತಟ್ಟೆಯಂಚಿನಲ್ಲೇ ಉಳಿಯಿತು. ಮಸಾಲೆಯ ಜತೆ ಎರಡು ಹಿಡಿ ಬೆಂದ ಕಾಳನ್ನೂ ರುಬ್ಬಿದರೆ ಹಲ್ಲಿನ ತಕರಾರು ಅಲ್ಲಿಗೆ ಮುಗಿಯುತ್ತದೆ. ಈ ಮಾತನ್ನು ಹೇಳಬೇಕಾದ್ದು ಅಜ್ಜಿಗಿಂತ ಹೆಚ್ಚಾಗಿ ಒಲೆಯ ಮುಂದಿರುವವರಿಗೆ.

ಸಕ್ಕರೆ ಕಾಯಿಲೆ, ಬಿಪಿ ಇರುವಾಗ ಪಥ್ಯ ಸಡಿಲಿಸುವುದು ಅಪಾಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೂತ್ರಪಿಂಡ ಸೋತವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಲೂಬಾರದು. ಆದರೆ ಪಥ್ಯವೆಂದರೆ ಬಿಡುವುದಷ್ಟೇ ಅಲ್ಲ. ಅನ್ನ ಬಿಟ್ಟು ದಿನಕ್ಕೆರಡು ಲೋಟ ರಾಗಿ ಗಂಜಿ ಕುಡಿಯುವವರಿಗೆ, ನುಣ್ಣನೆಯ ಗಂಜಿಯೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆಂದು ತಿಳಿಸಿದವರೆಷ್ಟು ಮಂದಿ? ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗಿದರೆ ಬಿ12 ಕುಸಿಯಬಹುದು. ಹಾಲು-ಮೊಸರನ್ನೂ ಕಡಿಮೆ ಮಾಡಿದ ಸಸ್ಯಾಹಾರಿಗೆ ಇದು ಇಮ್ಮಡಿ ಪೆಟ್ಟು. ಆ ಕೊರತೆಯಿಂದ ಪಾದ ಜುಮ್ಮೆಂದರೂ ದೂರು ಮಾತ್ರ ಸಕ್ಕರೆ ಕಾಯಿಲೆಯ ಮೇಲೆ.

ಹಣವೇ ಇಲ್ಲದವರಿಗೆ ಮಾಹಿತಿಯಿಂದೇನು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ರಾಜ್ಯದ ವೃದ್ಧಾಪ್ಯ ಪಿಂಚಣಿಯಾದ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಯಲ್ಲಿ ದಿನವೂ ಮೊಟ್ಟೆ-ಹಾಲು ಎಂದರೆ ನಗೆಪಾಟಲು. ಪಡಿತರದಲ್ಲಿ ಅಕ್ಕಿಗೆ ಸಿಕ್ಕ ಆದ್ಯತೆ ಬೇಳೆಕಾಳಿಗೂ ಸಿಗಬೇಕು, ಅದು ಸರ್ಕಾರದ ಹೊಣೆ. ಹಾಗೆಂದು ಮಾಹಿತಿಯನ್ನು ಅಲ್ಲಿಯವರೆಗೆ ಕಾಯಿಸಬೇಕಿಲ್ಲ. ಹುರುಳಿ, ಕಡಲೆಕಾಯಿ ಇಂದಿಗೂ ಹಳ್ಳಿಮನೆಗಳಿಗೆ ಹೊಸತಲ್ಲ. ಬಿಪಿ, ಶುಗರ್ ನೋಡಲು ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಲಿ: ನಿನ್ನೆ ಕಾಳು ತಿಂದಿರಾ? ಹೋದ ವರ್ಷದ ರವಿಕೆ ಈಗ ಸಡಿಲವಾಗಿದೆಯೇ?