ತಡವಾಗಿ ತಲುಪಿದ ಕಾದಂಬರಿ

ಇಂದಿನ ಯಹೂದಿ ಸಾಹಿತ್ಯದಲ್ಲಿ ಹೊಸದೇನಿದೆ ಎಂದು ನೋಡುವವರಿಗೆ 2025ರಲ್ಲಿ ಸಿಕ್ಕ ದೊಡ್ಡ ಕಾದಂಬರಿ 'ಸನ್ಸ್ ಅಂಡ್ ಡಾಟರ್ಸ್'. ಅದನ್ನು ಬರೆದ ಹಾಯಿಮ್ ಗ್ರಾಡೆ ತೀರಿಕೊಂಡದ್ದು 1982ರಲ್ಲಿ.

ಗ್ರಾಡೆ 1910ರಲ್ಲಿ, ಇಂದು ಲಿಥುವೇನಿಯಾದಲ್ಲಿರುವ ವಿಲ್ನಾದಲ್ಲಿ ಹುಟ್ಟಿದರು. ತಾಯಿ ಬೀದಿಯಲ್ಲಿ ಹಣ್ಣು ಮಾರಿ ಮಗನನ್ನು ಸಾಕಿದರು. ಧರ್ಮಶಾಸ್ತ್ರ ಕಲಿಸುವ ಯೆಶಿವಾಗಳಲ್ಲಿ ಓದಿದ ಮಗ ಅಲ್ಲಿಂದ ಹೊರಬಂದು, ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ಕವಿಯಾದ. 1941ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ, ಹೆಂಗಸರ ತಂಟೆಗೆ ಬರಲಾರರೆಂದು ನಂಬಿ, ಹೆಂಡತಿಯನ್ನೂ ತಾಯಿಯನ್ನೂ ಊರಲ್ಲೇ ಬಿಟ್ಟು ಗ್ರಾಡೆ ಸೋವಿಯತ್ ಒಳನಾಡಿಗೆ ಓಡಿದರು. ಇಬ್ಬರನ್ನೂ ನಾಜಿಗಳು ಕೊಂದರು.

1948ರಲ್ಲಿ ಅವರು ನ್ಯೂಯಾರ್ಕ್ ಸೇರಿದರು. ಈ ಕಾದಂಬರಿ 1960, 70ರ ದಶಕಗಳಲ್ಲಿ ಅಲ್ಲಿನ ಯಿಡ್ಡಿಷ್ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂತು, ಮುಗಿಯದೆ ನಿಂತಿತು. ಗಂಡ ಹೋದ ಮೇಲೆ ಎರಡನೇ ಹೆಂಡತಿ ಇನ್ನಾ ಗ್ರಾಡೆ ಆತನ ಕಾಗದಪತ್ರಗಳನ್ನು ಯಾರೂ ಮುಟ್ಟಲು ಬಿಡಲಿಲ್ಲ. 2010ರಲ್ಲಿ ಆಕೆ ತೀರಿಕೊಂಡ ನಂತರವೇ ಬ್ರಾಂಕ್ಸ್‌ನ ಮನೆಯ ಬಾಗಿಲು ವಿದ್ವಾಂಸರಿಗೆ ತೆರೆಯಿತು. ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ರೋಸ್ ವಾಲ್ಡ್‌ಮನ್.

ಕಥೆ ನಡೆಯುವುದು 1930ರ ದಶಕದ ಒಂದು ಸಣ್ಣ ಊರಿನಲ್ಲಿ. ಅಲ್ಲಿನ ಧರ್ಮಗುರು ರಬ್ಬಿ ಶೋಲೆಮ್ ಶಾಖ್ನೆಯ ಮಕ್ಕಳು ಒಬ್ಬೊಬ್ಬರಾಗಿ ಅಪ್ಪನ ದಾರಿ ಬಿಡುತ್ತಾರೆ. ಒಬ್ಬ ಸ್ವಿಟ್ಜರ್ಲೆಂಡಿಗೆ ಹೋಗಿ ತತ್ವಶಾಸ್ತ್ರ ಓದುತ್ತಾನೆ, ಮಗಳು ನರ್ಸಿಂಗ್ ಕಲಿಯಲು ಹೊರಡುತ್ತಾಳೆ, ಕಿರಿಯವನಿಗೆ ಪ್ಯಾಲೆಸ್ಟೈನಿನ ಹಂಬಲ. ಮುಂದಿನ ದಶಕದಲ್ಲಿ ಅಂಥ ಯಹೂದಿ ಊರುಗಳಿಗೆಲ್ಲ ಏನಾಯಿತೆಂಬುದು ಓದುಗರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಗ್ರಾಡೆ ತಮ್ಮ ಪಾತ್ರಗಳನ್ನು ಮುಂಚಿತವಾಗಿ ಹುತಾತ್ಮರನ್ನಾಗಿ ಮಾಡುವುದಿಲ್ಲ. ಅವರು ಜಗಳವಾಡುತ್ತಾರೆ, ಸಂಬಂಧ ಕುದುರಿಸುತ್ತಾರೆ, ಹಟ ಹಿಡಿಯುತ್ತಾರೆ. ಅಪ್ಪನ ಮಾತಿಗಿರುವ ತೂಕವೇ ಮಕ್ಕಳ ಮಾತಿಗೂ ಇದೆ. ಕಾದಂಬರಿಯ ದೊಡ್ಡತನ ಇರುವುದು ಇಲ್ಲಿ. ಸ್ಮಾರಕಕ್ಕೆ ಕೈಮುಗಿದಂತೆ ಬರೆಯುವ ವಿಮರ್ಶೆಗೆ ಇದು ಕಾಣುವುದಿಲ್ಲ.

ಇಂಥ ಕೃತಿಗಳನ್ನು ಓದಲು ಮೊದಲು ಪುಸ್ತಕಗಳು ಉಳಿಯಬೇಕಿತ್ತು. ಅಮೆರಿಕದಲ್ಲಿ ಅಜ್ಜ ಅಜ್ಜಿಯರ ಯಿಡ್ಡಿಷ್ ಪುಸ್ತಕಗಳನ್ನು ಓದಲಾಗದ ಮೊಮ್ಮಕ್ಕಳು ಅವನ್ನು ಕಸಕ್ಕೆ ಹಾಕುತ್ತಿದ್ದ ಕಾಲದಲ್ಲಿ, 1980ರಲ್ಲಿ, ಆರನ್ ಲ್ಯಾನ್ಸ್ಕಿ ಎಂಬ ಯುವಕ ಮ್ಯಾಸಚೂಸೆಟ್ಸ್‌ನಲ್ಲಿ ಯಿಡ್ಡಿಷ್ ಬುಕ್ ಸೆಂಟರ್ ಆರಂಭಿಸಿದರು. ಪುಸ್ತಕ ಕೊಡುವ ವೃದ್ಧರು ಅವರನ್ನು ಕೂರಿಸಿ, ಊಟ ಬಡಿಸಿ, ಒಂದೊಂದು ಪುಸ್ತಕದ ಕಥೆ ಹೇಳಿ ಕಳಿಸುತ್ತಿದ್ದರು. ಉಳಿದಿರುವುದು ಸುಮಾರು 70,000 ಎಂದು ಅಂದಾಜಿಸಲಾಗಿತ್ತು. ಸಿಕ್ಕಿದ್ದು ಹತ್ತು ಲಕ್ಷಕ್ಕೂ ಹೆಚ್ಚು. ಆ ಸಂಸ್ಥೆ ಈಗ ಹೊಸ ಅನುವಾದಕರಿಗೂ ತರಬೇತಿ ಕೊಡುತ್ತಿದೆ.

ಗ್ರಾಡೆಗೆ ಸಿಕ್ಕ ಗಮನ ಯಿಡ್ಡಿಷ್ ಲೇಖಕಿ ಮಿರಿಯಮ್ ಕಾರ್ಪಿಲೊವೆಗೂ ಸಿಗಬೇಕು. ನ್ಯೂಯಾರ್ಕಿನ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ಹುಡುಗಿಯೊಬ್ಬಳು, ಮದುವೆಯ ಮಾತೆತ್ತದೆ ಮುಕ್ತ ಪ್ರೇಮದ ಉಪದೇಶ ಮಾಡುವ ಗಂಡಸರಿಗೆ ಕೊಡುವ ಉತ್ತರಗಳೇ ಆಕೆಯ 'ಡೈರಿ ಆಫ್ ಎ ಲೋನ್ಲಿ ಗರ್ಲ್'. 1910ರ ದಶಕದಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾದ ಈ ಕಾದಂಬರಿಯನ್ನು ಜೆಸಿಕಾ ಕಿರ್ಜೇನ್ ಇಂಗ್ಲಿಷಿಗೆ ತಂದರು. ಆ ಅನುವಾದ ಪ್ರಕಟವಾದದ್ದು 2020ರಲ್ಲಿ.